ಎತ್ತಿ ಹಿಡಿದವನು

ಗಿರಾಕಿಯ ಮೊಬೈಲಿನಿಂದ ಬಂದ ಸದ್ದನ್ನು ಜೀವರತ್ನ ತಲೆ ಎತ್ತದೆಯೇ ಗುರುತಿಸಿದ. ಮೊದಲು ಕೀಬೋರ್ಡಿನ ಎಳೆದ ಸ್ವರ, ಆಮೇಲೆ ಮೈಕಿನಲ್ಲಿ 'ಎದ್ದು ನಿಲ್ಲು ಮಗಳೇ' ಎಂಬ ಕೂಗು, ಅದರ ಹಿಂದೆಯೇ ಸಾವಿರಾರು ಜನರ ಗದ್ದಲ. ಐವತ್ತೆರಡು ಸೆಕೆಂಡಿನ ವಿಡಿಯೊ. ಶಿವಮೊಗ್ಗದ ಮೈದಾನದಲ್ಲಿ ಪ್ರಾರ್ಥನೆಯಿಂದ ರೋಗ ಗುಣಪಡಿಸುವ ಆ ಸ್ವಸ್ಥತಾ ಕೂಟ ನಡೆದು ಎಂಟು ದಿನವಾಗಿತ್ತು; ಭದ್ರಾವತಿ ಬಸ್ ಸ್ಟ್ಯಾಂಡಿನ ಎದುರಿನ ಅವನ ಜೆರಾಕ್ಸ್ ಅಂಗಡಿಯೊಳಗೆ ಆ ಸದ್ದು ಬಂದದ್ದು ಇದು ನಾಲ್ಕನೆಯ ಸಲ. ವಕೀಲರ ಗುಮಾಸ್ತ ಚಂದ್ರಹಾಸ, ತಾನು ಕೊಟ್ಟ ಕ್ರಯಪತ್ರವನ್ನು ಮರೆತು, ಮೊಬೈಲನ್ನು ಕೌಂಟರಿನ ಮೇಲೆ ಅವನ ಕಡೆಗೆ ತಿರುಗಿಸಿ ಇಟ್ಟ.

"ಇದು ನೀವೇ ಅಲ್ವೇನ್ರೀ ಜೀವಣ್ಣ, ಹಿಂದ್ಗಡೆ ಇರೋದು? ನಮ್ಮ ಭಾವ ಕಳಿಸಿದ್ರು. ಹುಟ್ಟಿದಾಗಿಂದ ನಡೀದೇ ಇದ್ದ ಹುಡುಗಿಯಂತೆ. ಇಷ್ಟು ದೊಡ್ಡ ವಿಷಯ, ಒಂದು ಮಾತು ಹೇಳ್ಲಿಲ್ಲವಲ್ಲ ಮಾರಾಯ್ರೆ."

"ಹೂಂ" ಎಂದ ಜೀವರತ್ನ.

"ಪುಣ್ಯವಂತರು ಬಿಡಿ."

ವಿಡಿಯೊದಲ್ಲಿ ಮಗಳು ಸುವಾರ್ತಾಳ ಮುಖ, ಭುಜ, ಹಳದಿ ವೇಲು ಅಷ್ಟೇ ಕಾಣುತ್ತಿತ್ತು. ಸೊಂಟದಿಂದ ಕೆಳಗೆ ಕಾರ್ಯಕರ್ತರ ಬೆನ್ನುಗಳು. ಆದರೆ ವೇಲಿನ ಅಂಚಿನಲ್ಲಿ, ಅವಳ ಎಡ ಕಂಕುಳಿನ ಕೆಳಗೆ, ಎರಡು ಬೆರಳು ಇಣುಕುತ್ತಿದ್ದವು. ಇಷ್ಟು ಜನ ನೋಡಿದ್ದಾರೆ, ಯಾರಿಗೂ ಆ ಬೆರಳು ಕಂಡಿಲ್ಲವೆಂಬುದು ಅವನಿಗೆ ಮೊದಲೆರಡು ದಿನ ಸಮಾಧಾನವಾಗಿತ್ತು. ಈಗ ಹೇಸಿಗೆಯಾಗುತ್ತಿತ್ತು. ಯಾರಾದರೂ ಒಬ್ಬರು, ಈ ಚಂದ್ರಹಾಸನಾದರೂ, 'ಇದು ಯಾರ ಕೈ ಜೀವಣ್ಣ' ಎಂದು ಕೇಳಿದ್ದರೆ ಬಿಡುಗಡೆಯಾಗುತ್ತಿತ್ತೇನೋ. ಕ್ರಯಪತ್ರದ ಹಾಳೆಗಳನ್ನು ಒಂದೊಂದಾಗಿ ಗಾಜಿನ ಮೇಲೆ ಕವುಚುತ್ತ ಅವನು ಪುಣ್ಯವಂತ ಎಂಬ ಪದವನ್ನು ಬಾಯೊಳಗೆ ಹೊರಳಿಸಿದ. ಚಂದ್ರಹಾಸನಂಥವರು ಪುಣ್ಯ ಎನ್ನುತ್ತಾರೆ, ಚರ್ಚಿನವರು ಆಶೀರ್ವಾದ ಎನ್ನುತ್ತಾರೆ. ಎರಡೂ ಬೇರೆಯವರ ಕಣ್ಣಿಗೆ ಕಾಣುವಂಥವು: ಕೆಲಸ, ಮನೆ, ಮದುವೆಯಾದ ಮಕ್ಕಳು, ನಡೆಯುವ ಕಾಲು. ಪೇಪರ್ ಮಿಲ್ ನಡೆಯುತ್ತಿದ್ದಷ್ಟು ದಿನ ಕಾಗದನಗರದ ಕ್ವಾರ್ಟರ್ಸಿನಲ್ಲಿ ಯಾರ ಮನೆಗೆ ಎಷ್ಟು ಆಶೀರ್ವಾದ ಇಳಿದಿದೆಯೆಂದು ಹೊರಗಿನಿಂದಲೇ ಹೇಳಬಹುದಾಗಿತ್ತು. ಅವನ ಮನೆಯ ಮುಂದೆ ಮಾತ್ರ, ಚರ್ಚಿಗೆ ಹೊಸದಾಗಿ ಬಂದ ಪಾದ್ರಿ ಅಯ್ಯನವರೆಲ್ಲ ಒಂದು ಕ್ಷಣ ನಿಂತು, ದನಿ ತಗ್ಗಿಸಿ, 'ದೇವರ ಚಿತ್ತ ನಮಗೆ ಗೊತ್ತಾಗೋದಿಲ್ಲ ಬ್ರದರ್' ಎನ್ನುತ್ತಿದ್ದರು. ಇಪ್ಪತ್ತು ವರ್ಷ ಅವನು ಆ ತಗ್ಗಿದ ದನಿಯನ್ನು ಕೇಳಿದ್ದ. ಮೊನ್ನೆ ಗುರುವಾರ ಗುರುಪ್ರಸಾದ್ ಅಯ್ಯನವರು ಫೋನ್ ಮಾಡಿದಾಗ ಮೊದಲ ಸಲ ದನಿ ಏರಿತ್ತು. "ಈ ಭಾನುವಾರ ಧನ್ಯರು ಯಾರು ಅಂತ ಸಂದೇಶ ಇಟ್ಕೊಂಡಿದೀನಿ. ಕೊನೇಲಿ ಐದು ನಿಮಿಷ ನೀವು ಸಾಕ್ಷಿ ಹೇಳಬೇಕು. ಈಗ ಮತ್ತೆ ವೀಲ್‌ಚೇರಲ್ಲೇ ಇದಾಳೆ ಅಂತ ಸಂಕೋಚ ಬೇಡ. ನಿಂತದ್ದು ನಿಂತದ್ದೇ." ಅವನು ಆಗಲೂ ಹೂಂ ಎಂದಿದ್ದ.

ಚಂದ್ರಹಾಸ ಹೋದ ಮೇಲೆ ಹೆಂಡತಿ ಜಯಶೀಲಾ ಫೋನ್ ಮಾಡಿದಳು. ಎಂಟು ದಿನದಿಂದ ಅವಳು ಅವನೊಡನೆ ಆಡುತ್ತಿದ್ದ ಮಾತುಗಳು ಊಟ, ಗ್ಯಾಸು, ಔಷಧಿ ಇಷ್ಟಕ್ಕೇ ಮುಗಿಯುತ್ತಿದ್ದವು.

"ಶಿವಮೊಗ್ಗದಿಂದ ಯಾರೋ ಬಂದಿದಾರೆ. ಗಂಡ ಹೆಂಡ್ತಿ, ಒಂದು ಹೆಣ್ಣು ಮಗು. ನಡೆಯಕ್ಕಾಗಲ್ಲ ಮಗೂಗೆ. ವಿಡಿಯೊ ನೋಡ್ಕೊಂಡು ಬಂದಿದಾರೆ."

"ನಾನೇನು ಹೇಳ್ಲಿ ಅವರಿಗೆ?"

"ನಂಗೊತ್ತಿಲ್ಲ. ಬನ್ನಿ" ಎಂದು ಅವಳು ಫೋನ್ ಇಟ್ಟಳು.

ಸ್ಕೂಟರನ್ನು ಅವನು ಬೇಕೆಂದೇ ನಿಧಾನ ಬಿಟ್ಟ. ಸೇತುವೆಯ ಮೇಲೆ ಒಂದು ಲಾರಿ ಹಾರ್ನ್ ಹೊಡೆದು ಮುಂದೆ ಹೋಯಿತು. ಕೆಳಗೆ ಭದ್ರೆಯಲ್ಲಿ ನೀರು ಕಡಿಮೆಯಿತ್ತು, ಬಂಡೆಗಳ ಮೇಲೆ ಯಾರೋ ಬೆಡ್‌ಶೀಟು ಒಣಗಹಾಕಿದ್ದರು. ಬಿಳಿ ಬೆಡ್‌ಶೀಟು, ಅವತ್ತಿನ ಕೂಟದ ಬಿಳಿ ಬಟ್ಟೆ ಹೊದಿಸಿದ ವೇದಿಕೆ, ವೀಲ್‌ಚೇರನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದ ನಾಲ್ವರು ಕಾರ್ಯಕರ್ತರು. ಹತ್ತುವ ಮೊದಲು ಸುವಾರ್ತಾ ಅವನ ಅಂಗಿಯ ತೋಳು ಹಿಡಿದು, "ಬೇಡ ಅಪ್ಪ, ಇಲ್ಲೇ ಕೂತು ಪ್ರಾರ್ಥನೆ ಮಾಡೋಣ" ಎಂದಿದ್ದಳು. ಅವನಿಗೆ ಕೇಳಿಸಿತ್ತು. ಕೇಳಿಸಲಿಲ್ಲವೆಂದು ಆಮೇಲೆ ತನಗೆ ತಾನೇ ಹೇಳಿಕೊಂಡಿದ್ದ, ಆದರೆ ಕೇಳಿಸಿತ್ತು. ಬೋಧಕ ಅವಳ ತಲೆಯ ಮೇಲೆ ಕೈಯಿಟ್ಟು, ನಂಬ್ತೀಯಾ ಮಗಳೇ ಎಂದಾಗ ಅವಳು ನಂಬ್ತೀನಿ ಎಂದಳು. ಅದು ನಿಜವೇ, ಅವಳ ನಂಬಿಕೆಯ ಬಗ್ಗೆ ಅವನಿಗೆ ಯಾವತ್ತೂ ಅನುಮಾನವಿರಲಿಲ್ಲ. ಎದ್ದು ನಿಲ್ಲು ಎಂದ ಬೋಧಕ. ಅವಳು ಕೂತೇ ಇದ್ದಳು. ಇನ್ನೊಮ್ಮೆ ಎಂದ. ಕೀಬೋರ್ಡಿನವನು ಒಂದೇ ಸ್ವರವನ್ನು ಎಳೆಯುತ್ತಿದ್ದ, ಮೈದಾನದಲ್ಲಿ ಯಾವುದೋ ಮಗು ಕೆಮ್ಮಿತು. ಆಗ ಬೋಧಕ ಮೈಕನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಜೀವರತ್ನನ ಕಡೆ ನೋಡಿದ. ಕೋಪವಿರಲಿಲ್ಲ ಆ ನೋಟದಲ್ಲಿ, ಒಂದು ಬಗೆಯ ದಣಿದ ವಿಚಾರಣೆಯಿತ್ತು. "ತಂದೆಗೆ ನಂಬಿಕೆ ಇದೆಯಾ?" ಎಂದು ಕೇಳಿದ. ಬೆಳಕೆಲ್ಲ ತನ್ನ ಮೇಲೆ ಬಿದ್ದಂತಾಗಿ, ಇಪ್ಪತ್ತು ವರ್ಷದಿಂದ ಎಲ್ಲರೂ ಬಾಯಿಬಿಟ್ಟು ಹೇಳದೆ ಇಟ್ಟುಕೊಂಡಿದ್ದ ಮಾತು ಕೊನೆಗೂ ಹೊರಬಿತ್ತೆನ್ನಿಸಿ, ಅವನ ಕೈಗಳು ತಾವಾಗಿ ಮುಂದೆ ಚಾಚಿದವು. ದಿನಕ್ಕೆ ಆರು ಸಲ, ಹಾಸಿಗೆಯಿಂದ, ಬಚ್ಚಲಿಂದ, ಕುರ್ಚಿಯಿಂದ ಅವಳನ್ನು ಎತ್ತುವ ಕೈಗಳು. ಅವಳ ಭಾರ ಅವಕ್ಕೆ ಬಾಯಿಪಾಠ. ಕಂಕುಳಿಗೆ ಕೈಕೊಟ್ಟು ಎತ್ತಿ ಹಿಡಿದ. ಅವಳ ಚಪ್ಪಲಿಯ ತುದಿ ಹಲಗೆಗೆ ತಾಗಿತು. ಗದ್ದಲ ಎದ್ದಿತು. ಅವಳ ಭುಜದ ಮೇಲಿಂದ ಅವನಿಗೆ ಕೆಳಗೆ ಮೊದಲ ಸಾಲಿನಲ್ಲಿ ಜಯಶೀಲಾ ಕಂಡಳು. ಅವಳು ಮಣ್ಣಿನ ಮೇಲೆ ಮೊಣಕಾಲೂರಿ, ಎರಡೂ ಕೈ ಮೇಲೆತ್ತಿ, ಅವನು ಮದುವೆಯಾದಾಗಿನಿಂದ ಒಮ್ಮೆಯೂ ಕಾಣದ ಮುಖದಿಂದ ಅಳುತ್ತಿದ್ದಳು.

ಅವತ್ತು ವ್ಯಾನಿನಲ್ಲಿ ವಾಪಸು ಬರುವಾಗ ಜಯಶೀಲಾ ಮಗಳ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ತಿಕ್ಕುತ್ತ, "ಬಲ ಬಂತಾ ಪುಟ್ಟಾ? ಈಗ್ಲೂ ಇದೆಯಾ?" ಎಂದು ಕೇಳಿದಳು. ಸುವಾರ್ತಾ ಕಿಟಕಿಯ ಕಡೆ ಮುಖ ಮಾಡಿಕೊಂಡು, "ಬಂದಿದ್ದು ಅಪ್ಪನ ಕೈಗಮ್ಮ" ಎಂದಳು. ಜಯಶೀಲಾಳ ಕೈ ನಿಂತಿತು. ಆಮೇಲೆ ಅವಳು ಪಾದಗಳನ್ನು ಮಡಿಲಿನಿಂದ ಇಳಿಸಲೂ ಇಲ್ಲ, ತಿಕ್ಕಲೂ ಇಲ್ಲ.

ಸ್ಕೂಟರ್ ಮನೆ ತಲುಪಿದಾಗ ಮುಂದೆ ಒಂದು ಆಟೋ ನಿಂತಿತ್ತು. ಒಳಗೆ ಸೋಫಾದ ತುದಿಯಲ್ಲಿ ಬುರ್ಖಾದ ಮುಸುಕು ಹಿಂದಕ್ಕೆ ಸರಿಸಿಕೊಂಡ ಹೆಂಗಸು ಕೂತಿದ್ದಳು, ಮುಬೀನಾ ಎಂದು ಹೆಸರು ಹೇಳಿದಳು. ಗಂಡ ಶಹಬಾಜ್, ಶಿವಮೊಗ್ಗದಲ್ಲಿ ಮೆಕ್ಯಾನಿಕ್, ಕೂರದೆ ಬಾಗಿಲ ಪಕ್ಕದಲ್ಲೇ ನಿಂತಿದ್ದ. ಅವಳ ಮಡಿಲಲ್ಲಿದ್ದ ಐದಾರು ವರ್ಷದ ಹುಡುಗಿಯ ಕಾಲುಗಳು ಒಂದರ ಮೇಲೊಂದು ಹೆಣೆದುಕೊಂಡು, ಬೆರಳುಗಳು ನೆಲದ ಕಡೆಗೆ ಚೂಪಾಗಿ ಬಿಗಿದಿದ್ದವು. ಎದುರಿಗೆ ಸುವಾರ್ತಾ ತನ್ನ ವೀಲ್‌ಚೇರಿನಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ನಾಳೆ ಚರ್ಚಿನ ಪರದೆಯ ಮೇಲೆ ತೋರಿಸುವ ಹಾಡಿನ ಸಾಲುಗಳನ್ನು ಟೈಪ್ ಮಾಡುತ್ತಿದ್ದಳು. ಬೇರೆ ಯಾರಾದರೂ ಆಗಿದ್ದರೆ ಆ ವೀಲ್‌ಚೇರು ನೋಡಿದೊಡನೆ ಎದ್ದು ಹೋಗುತ್ತಿದ್ದರು. ಮುಬೀನಾ ಹೋಗಿರಲಿಲ್ಲ.

"ನಿಮ್ಮ ಮಗಳು ಏನೂ ಹೇಳ್ತಿಲ್ಲ ಅಣ್ಣ. ಅಪ್ಪ ಬರ್ಲಿ, ಅವ್ರೇ ಹೇಳ್ತಾರೆ ಅಂತಾಳೆ" ಎಂದು ಅವಳು ಒಂದೇ ಉಸಿರಿಗೆ ಶುರುಮಾಡಿದಳು. "ಒಂದೇ ದಿನಕ್ಕೆ ಪೂರ್ತಿ ಆಗಲ್ಲ, ನಂಗೂ ಗೊತ್ತು. ಸ್ವಲ್ಪ ಸ್ವಲ್ಪ ಆಗುತ್ತೆ ಅಲ್ವಾ? ನಮ್ಮ ರೂಹಿಗೆ ಬುಧವಾರ ಆಪರೇಷನ್ ಡೇಟ್ ಕೊಟ್ಟಿದಾರೆ. ಕಾಲಿನ ಬಿಗಿ ಬಿಡಿಸ್ತಾರಂತೆ. ಆಮೇಲೆ ಪಟ್ಟಿ ಕಟ್ಟಿದ್ರೆ, ಹಿಡ್ಕೊಂಡು ನಿಲ್ಲಬಹುದು ಅಂತಾರೆ. ಬರೀ ನಿಲ್ಲಬಹುದು, ಅದೂ ಹಿಡ್ಕೊಂಡು. ಅದೇ ಬುಧವಾರ ದಾವಣಗೆರೇಲಿ ಆ ಪಾಸ್ಟರ್ ಸಾಹೇಬ್ರದ್ದು ಇನ್ನೊಂದು ಮೀಟಿಂಗ್ ಇದೆ. ಆಪರೇಷನ್ ಬೇಡ ಅಂತೀನಿ ನಾನು. ಇವ್ರು ಬೇಕು ಅಂತಾರೆ. ನಾವು ಮುಸಲ್ಮಾನ್ರು, ನಮಗೂ ಮಾಡ್ತಾರಾ ಅವ್ರು? ಅದೊಂದು ಕೇಳೋಣ ಅಂತ ಬಂದ್ವಿ."

"ಅಬ್ಬಾ, ಹುಲಿ ಎಲ್ಲಿ?" ಎಂದು ಮಗು ತಂದೆಯನ್ನು ಕೇಳಿತು.

"ತ್ಯಾವರೆಕೊಪ್ಪದ ಸಫಾರಿಗೆ ಕರ್ಕೊಂಡು ಹೋಗ್ತೀನಿ ಅಂತ ಹೇಳಿ ಹೊರಡಿಸಿದ್ದು" ಎಂದು ಶಹಬಾಜ್ ಯಾರನ್ನೂ ನೋಡದೆ ಹೇಳಿದ.

ಜೀವರತ್ನನ ಬಳಿ ಒಂದು ವಾಕ್ಯ ಸಿದ್ಧವಾಗಿತ್ತು. ಸೇತುವೆ ದಾಟುವಾಗಲೇ ಅದು ಹೊಳೆದಿತ್ತು. ಅವತ್ತು ನಿಂತಳು, ಆಮೇಲೆ ನಮ್ಮ ನಂಬಿಕೆ ಕಡಿಮೆಯಾಯಿತು. ಇದರಲ್ಲಿ ಯಾರಿಗೂ ಅವಮಾನವಿರಲಿಲ್ಲ. ಬೋಧಕ ಸುಳ್ಳುಗಾರನಾಗುತ್ತಿರಲಿಲ್ಲ, ಅಯ್ಯನವರ ಭಾನುವಾರ ಕೆಡುತ್ತಿರಲಿಲ್ಲ. ತಪ್ಪು ತನ್ನ ಮನೆಯೊಳಗೇ ಉಳಿಯುತ್ತಿತ್ತು, ಮರ್ಯಾದಸ್ಥವಾದ ತಪ್ಪಾಗಿ, ಬೇಕಾದರೆ ಕಣ್ಣೀರು ಹಾಕಿ ಹೇಳಬಹುದಾದಂಥದ್ದಾಗಿ. "ಅವತ್ತು ನಿಂತಳಮ್ಮ" ಎಂದು ಅವನು ಶುರುಮಾಡಿದ. ಸುವಾರ್ತಾ ತಲೆ ಎತ್ತಲಿಲ್ಲ. ಕೀಲಿಮಣೆಯ ಮೇಲೆ ಅವಳ ಬೆರಳುಗಳು ಮಾತ್ರ ನಿಂತವು. ಅವಳು ತನ್ನನ್ನು ನೋಡಿದ್ದರೆ ಅವನು ಆ ವಾಕ್ಯವನ್ನು ಮುಗಿಸುತ್ತಿದ್ದನೇನೋ. ನೋಡುವವರ ಎದುರು ಏನು ಮಾಡುತ್ತೇನೆಂದು ಅವನಿಗೀಗ ಗೊತ್ತಿತ್ತು. ಅವಳು ನೋಡದೆ ಅವನಿಗೆ ಜಾಗ ಬಿಟ್ಟಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಜಯಶೀಲಾ ಟೀ ತಟ್ಟೆ ಹಿಡಿದು ನಿಂತಿದ್ದಳು. ಮಡಿಲಿನ ಮಗು ಅವನನ್ನೇ ದಿಟ್ಟಿಸುತ್ತಿತ್ತು, ಅದಕ್ಕೆ ಅವನಿಂದ ಬೇಕಾಗಿದ್ದುದು ಹುಲಿಯ ವಿಳಾಸ ಮಾತ್ರ.

"ಇಲ್ಲ" ಎಂದ ಜೀವರತ್ನ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಇನ್ನೊಮ್ಮೆ ಹೇಳಬೇಕಾಯಿತು. "ಇಲ್ಲಮ್ಮ. ನಿಂತಿಲ್ಲ. ನಾನು ಎತ್ತಿ ಹಿಡಿದಿದ್ದೆ. ವಿಡಿಯೊದಲ್ಲಿ ನನ್ನ ಬೆರಳಿದೆ, ಬೇಕಾದ್ರೆ ನೋಡಿ. ಇವಳು ಬೇಡ ಅಂದಿದ್ಲು, ನಾನೇ ಮಾಡಿದ್ದು. ಬುಧವಾರ ನೀವು ಆಪರೇಷನ್ನಿಗೆ ಹೋಗಿ."

ಮೊದಲು ಬಾಗಿಲಿನಿಂದ ಶಹಬಾಜನ ದನಿ ಬಂತು.

"ಯಾಕೆ ಭಾಯ್? ಏನು ಸಿಕ್ತು ನಿಮಗೆ? ಮೂರು ದಿನದಿಂದ ನಮ್ಮ ಮನೇಲಿ ಒಲೆ ಹತ್ತಿಲ್ಲ, ಬರೀ ಜಗಳ. ಈ ವಿಡಿಯೊ ಹಿಡ್ಕೊಂಡು ಇವಳು ಅಳೋದು, ನಾನು ಕೂಗಾಡೋದು. ಏನು ಸಿಕ್ತು?"

"ಅಷ್ಟು ಜನ ನೋಡ್ತಿದ್ರು" ಎಂದ ಜೀವರತ್ನ. ಇನ್ನೇನಾದರೂ ದೊಡ್ಡ ಕಾರಣ ಇದ್ದೀತೆಂದು ಒಳಗೆಲ್ಲ ತಡಕಾಡಿದ. ಇರಲಿಲ್ಲ.

ಮುಬೀನಾ ಮಗಳ ಫ್ರಾಕಿನ ಅಂಚನ್ನು ಮಡಿಸುತ್ತ, ಬಿಡಿಸುತ್ತ ಕೂತಿದ್ದಳು. ಅವಳು ಅಳುತ್ತಾಳೆಂದು ಅವನು ಕಾದ. ಅವಳು ಅಳಲಿಲ್ಲ.

"ನಮ್ಮ ತಂಗಿ ಮದ್ವೇಲಿ" ಎಂದಳು, "ಫೋಟೋ ತೆಗೆಯೋವಾಗ ಇವಳನ್ನ ಗೋಡೆಗೆ ನಿಲ್ಲಿಸಿದ್ದೆ. ಹಿಂದಿಂದ ನನ್ನ ಕೈ. ಮೇಲೆ ಬುರ್ಖಾ, ಯಾರಿಗೂ ಕಾಣಲ್ಲ. ಗಂಡಿನ ಕಡೆಯೋರು ನೋಡ್ಲಿ ಅಂತ. ಆ ಫೋಟೋ ಇನ್ನೂ ಮನೇಲಿದೆ, ಫ್ರೇಮ್ ಹಾಕ್ಸಿ ಇಟ್ಟಿದೀವಿ." ಶಹಬಾಜ್ ಅವಳ ಕಡೆ ತಿರುಗಿದ, ಅವನಿಗೂ ಇದು ಗೊತ್ತಿರಲಿಲ್ಲವೆಂದು ಕಾಣುತ್ತದೆ. "ಎಲ್ರೂ ಮಾಡ್ತೀವಿ ಅಣ್ಣ. ಆದ್ರೆ ನನ್ನ ಫೋಟೋ ನೋಡಿ ಯಾರೂ ಆಪರೇಷನ್ ಬಿಟ್ಟಿಲ್ಲ."

ಅವನು ತಲೆಯಾಡಿಸಿದ. ಅವಳು ಕ್ಷಮಿಸಿದಳೋ ಬಯ್ದಳೋ ಅವನಿಗೆ ತಿಳಿಯಲಿಲ್ಲ. ಎರಡೂ ಒಂದೇ ಮಾತಿನಲ್ಲಿ ಬಂದಿದ್ದವು, ಎರಡನ್ನೂ ತೆಗೆದುಕೊಳ್ಳಬೇಕಾಗಿತ್ತು.

ಸುವಾರ್ತಾ ಲ್ಯಾಪ್‌ಟಾಪ್ ಮುಚ್ಚಿ ಗಾಲಿ ಉರುಳಿಸಿಕೊಂಡು ಮಗುವಿನ ಹತ್ತಿರ ಬಂದಳು. "ರೂಹಿ, ಬುಧವಾರ ಆಸ್ಪತ್ರೆಗೆ ಹೋಗ್ತೀಯ. ನೋವಾಗುತ್ತೆ, ನಾನು ಸುಳ್ಳು ಹೇಳಲ್ಲ. ನಂಗೆ ನಾಲ್ಕು ಸಲ ಆಗಿದೆ. ಆಮೇಲೆ ಐಸ್‌ಕ್ರೀಂ ಕೊಡಿಸ್ತಾರೆ, ಬಿಡಬೇಡ, ಎರಡು ಕೇಳು. ಹುಲಿ ಎಲ್ಲಿಗೂ ಹೋಗಲ್ಲ. ನಾಲ್ಕು ಕಾಲಿದ್ರೂ ಅದು ತ್ಯಾವರೆಕೊಪ್ಪದಲ್ಲೇ ಕೂತಿರುತ್ತೆ ನೋಡು." ಮಗು ನಕ್ಕಿತು. ಮುಬೀನಾ ಸುವಾರ್ತಾಳ ಕಾಲುಗಳನ್ನು ಬಿಟ್ಟು ಮುಖವನ್ನು, ಅಂದು ಮೊದಲ ಸಲವೆಂಬಂತೆ ನೋಡಿದಳು. ಜಯಶೀಲಾ ಟೀ ತಂದಿಟ್ಟಳು. ಶಹಬಾಜ್ ಕೊನೆಗೂ ಕೂತ.

ಅವರು ಹೋದ ಮೇಲೆ ಮನೆಯಲ್ಲಿ ಸಂಜೆಯ ಬೆಳಕು ಇನ್ನೂ ಇತ್ತು. ಜಯಶೀಲಾ ಲೋಟಗಳನ್ನು ಒಳಗೆ ಒಯ್ದಳು, ನಲ್ಲಿ ಬಿಟ್ಟ ಸದ್ದಾಯಿತು. ಜೀವರತ್ನ ಮಗಳ ಎದುರಿಗೆ, ಮುಬೀನಾ ಕೂತಿದ್ದ ಜಾಗದಲ್ಲೇ ಕೂತ. ತಪ್ಪಾಯಿತು ಎಂಬ ಪದ ಎಂಟು ದಿನದಿಂದ ಗಂಟಲಲ್ಲಿತ್ತು. ಈಗ ಹೊರಗೆ ಬಂದಾಗ ಅದು ಬಸ್ಸಿನಲ್ಲಿ ಕಾಲು ತುಳಿದವರು ಹೇಳುವಷ್ಟು ಹಗುರವಾಗಿ ಕೇಳಿಸಿತು.

"ನಂಗೆ ಬೇಜಾರಾಗಿದ್ದು ಅದಕ್ಕಲ್ಲಪ್ಪ" ಎಂದಳು ಸುವಾರ್ತಾ. "ಅದು ಮೂರು ಎಣಿಸೋಷ್ಟು ಹೊತ್ತು. ನಿಂಗೆ ಹೆದರಿಕೆ ಆಯ್ತು, ಎತ್ತಿದೆ. ಅದು ನಂಗೆ ಅರ್ಥ ಆಗುತ್ತೆ."

"ಮತ್ತೆ?"

ಅವಳು ತಡೆದಳು. ಹೇಳಬೇಕೋ ಬೇಡವೋ ಎಂದು ತೂಗುತ್ತಿರುವುದು ಅವಳ ಹುಬ್ಬಿನಲ್ಲಿ ಕಂಡಿತು. ಎಷ್ಟೋ ವರ್ಷಗಳಿಂದ ಅವಳು ತನಗಾಗಿ ಹೀಗೆ ತೂಗಿ ಮಾತಾಡುತ್ತಿದ್ದಾಳೆಂಬುದು ಅವನಿಗೆ ಆಗ ಹೊಳೆಯಿತು.

"ಕುಟುಂಬ ಪ್ರಾರ್ಥನೇಲಿ ನೀನು ದಿನಾ ದೇವರ ಹತ್ರ ಇನ್ನೊಬ್ಬಳು ಮಗಳನ್ನ ಕೇಳ್ತೀಯ. ನಡೆಯೋಳು, ಓಡೋಳು. ನಾನು ಪಕ್ಕದಲ್ಲೇ ಕೂತಿರ್ತೀನಿ. ಚಿಕ್ಕವಳಿದ್ದಾಗ, ಅವಳು ಬಂದ ಮೇಲೆ ನನ್ನನ್ನ ಎಲ್ಲಿ ಇಡ್ತೀರಿ ಅಂತ ಯೋಚನೆ ಮಾಡ್ತಿದ್ದೆ."

ಜೀವರತ್ನ ಅಂದುಕೊಂಡಿದ್ದು, ತನ್ನ ಇಪ್ಪತ್ತು ವರ್ಷದಲ್ಲಿ ಏನಾದರೂ ಒಂದು ಶುದ್ಧವಾದದ್ದಿದ್ದರೆ ಅದು ಆ ಪ್ರಾರ್ಥನೆ.

"ನೀನು ನನ್ನ ಒಂದು ಸಲಾನೂ ಕೇಳಿಲ್ಲ" ಎಂದಳು ಅವಳು. "ಹೆಂಗಿದೀಯಾ ಅಂತ. ಕಾಲು ಹೆಂಗಿದೆ ಅಂತ ಕೇಳಿದೀಯ."

"ಹೆಂಗಿದೀಯ?" ಎಂದ ಅವನು. ಅಷ್ಟು ತಡವಾಗಿ, ಅಷ್ಟು ಪೆದ್ದಾಗಿ.

ಅವಳಿಗೆ ನಗು ಬಂತು. "ಚೆನ್ನಾಗಿದೀನಿ ಮಾರಾಯ. ನಾನು ಧನ್ಯಳು ಅಂತ್ಲೇ ಅನ್ನಿಸುತ್ತೆ ನಂಗೆ. ಹೇಳಿದ್ರೆ ನೀವಿಬ್ರೂ ಅಳ್ತೀರ ಅಂತ ಹೇಳಲ್ಲ. ದಿನಾ ಅನ್ನಿಸಲ್ಲ ಮತ್ತೆ. ಫಿಸಿಯೋ ಇರೋ ಮಂಗಳವಾರ ಅನ್ನಿಸಲ್ಲ. ಮಿಕ್ಕ ದಿನ, ಬೆಳಿಗ್ಗೆ ಎದ್ದಾಗ, ಯಾರೋ ನನ್ನ ಹೆಸರು ಗೊತ್ತಿರೋರು ರೂಮಲ್ಲಿ ಇದಾರೆ ಅನ್ನಿಸುತ್ತೆ. ಅಷ್ಟೇ. ಅದಕ್ಕೆ ಕಾಲು ಬೇಕಾಗಲ್ಲ."

ಬಾಲ್ಯದಲ್ಲಿ ಓಲ್ಡ್ ಟೌನಿನ ಮನೆಯಲ್ಲಿ ಅವನ ತಾಯಿ ಬೈಬಲಿನ ಬೆಟ್ಟದ ಪ್ರಸಂಗವನ್ನು, ಆ ಉಪದೇಶವನ್ನು, ಬಾಯಿಪಾಠ ಮಾಡಿಸುತ್ತಿದ್ದಳು. ಬಡವರು, ಅಳುವವರು, ಹಸಿದವರು ಎಲ್ಲರನ್ನೂ ಧನ್ಯರೆಂದು ಕರೆಯುವ ಆ ಸಾಲುಗಳನ್ನು ಅವನು ತಪ್ಪಿಲ್ಲದೆ ಒಪ್ಪಿಸಿ ಬಹುಮಾನವಾಗಿ ಸ್ಟೀಲ್ ಲೋಟ ಪಡೆದಿದ್ದ. ಅದನ್ನು ಅವನು ಯಾವಾಗಲೂ ಒಂದು ಸಾಂತ್ವನದ ಪತ್ರದಂತೆ ಓದಿಕೊಂಡಿದ್ದ: ಕೆಲಸಕ್ಕೆ ಆಯ್ಕೆಯಾಗದವರಿಗೆ ಆಫೀಸಿನವರು ಕಳಿಸುವಂಥದ್ದು, ಬೇಸರಪಡಬೇಡಿ, ಮುಂದೆ ನೋಡೋಣ ಎಂಬಂಥದ್ದು. ಅದನ್ನು ಹೇಳಿದಾತ ಇದ್ದದ್ದನ್ನು ಇದ್ದಂತೆ, ಎದುರಿಗೆ ಕೂತವರ ಮುಖ ನೋಡಿ, ನೀವು ಈಗಲೇ ಧನ್ಯರು ಎಂದು ಹೇಳಿರಬಹುದೆಂದು ಅವನಿಗೆ ಒಮ್ಮೆಯೂ ತೋಚಿರಲಿಲ್ಲ.

ಭಾನುವಾರ ಗುರುಪ್ರಸಾದ್ ಅಯ್ಯನವರು ಸಂದೇಶ ಮುಗಿಸಿ, ಮುಖ ಅರಳಿಸಿ, ಅವನ ಹೆಸರು ಕರೆದರು. ಸಣ್ಣ ಚರ್ಚು, ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು, ನಡುವೆ ಕೆಂಪು ಚಾಪೆ ಹಾಸಿದ ದಾರಿ. ಆ ದಾರಿಯಲ್ಲಿ ಮುಂದೆ ನಡೆಯುವಾಗ ನಾಲ್ಕೈದು ಮೊಬೈಲುಗಳು ಮೇಲೆದ್ದದ್ದು ಅವನಿಗೆ ಕಂಡಿತು. ಅವನು ಹಿಂದಿನ ರಾತ್ರಿ ಏನೂ ಬರೆದುಕೊಂಡಿರಲಿಲ್ಲ. "ಸ್ತೋತ್ರ" ಎಂದ. ಎಲ್ಲರೂ ಸ್ತೋತ್ರ ಎಂದರು. "ನಮ್ಮ ಸುವಾರ್ತಾ ಅವತ್ತು ನಿಲ್ಲಲಿಲ್ಲ. ನಾನು ಎತ್ತಿ ಹಿಡಿದೆ. ನಿಮಗೆಲ್ಲ ಸುಳ್ಳು ಹೇಳಿದೆ. ದೇವರ ಹೆಸರಲ್ಲಿ ಹೇಳಿದೆ. ಅವಳದ್ದೇನೂ ತಪ್ಪಿಲ್ಲ. ಅವಳು…" ಇಲ್ಲಿ ಅವನು ಮಗಳ ಮಾತನ್ನು ಹೇಳಬೇಕೆಂದಿದ್ದ, ಧನ್ಯಳು ಎಂಬುದನ್ನು. ಆದರೆ ಅದು ಅವಳದ್ದು, ತಾನು ಎತ್ತಿ ತೋರಿಸುವಂಥದ್ದಲ್ಲ ಎನ್ನಿಸಿತು. "ಅವಳು ಚೆನ್ನಾಗಿದಾಳೆ" ಎಂದು ನಿಲ್ಲಿಸಿದ.

ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು. ಅಯ್ಯನವರು ಬೈಬಲನ್ನು ಮುಚ್ಚಿ, ತೆರೆದು, "ಕೂತ್ಕೊಳ್ಳಿ ಬ್ರದರ್" ಎಂದರು. ಅವರ ದನಿ ಮತ್ತೆ ತಗ್ಗಿತ್ತು. ಗಂಡಸರ ಸಾಲಿನಲ್ಲಿ ಯಾರೋ, "ಇದನ್ನ ಹೇಳೋ ಅಗತ್ಯ ಇತ್ತಾ ಮಾರಾಯ" ಎಂದು ಗೊಣಗಿದರು. ಅವನು ತನ್ನ ಬೆಂಚಿಗೆ ಬಂದು ಕೂತ. ಪಕ್ಕದವನು ಹಾಡಿನ ಪುಸ್ತಕದಲ್ಲಿ ಮುಖ ಹುದುಗಿಸಿದ. ಜಯಶೀಲಾಳ ಕಡೆ ನೋಡಲು ಅವನಿಗೆ ಧೈರ್ಯವಾಗಲಿಲ್ಲ. ಮೈದಾನದ ಮಣ್ಣಿನಲ್ಲಿ ಮೊಣಕಾಲೂರಿದ್ದ ಅವಳ ಆ ಒಂದು ನಿಮಿಷವನ್ನು ತಾನು ಈಗ ಇಡೀ ಸಭೆಯ ಮುಂದೆ ಮತ್ತೊಮ್ಮೆ ಕಿತ್ತುಕೊಂಡೆನೆಂದು ಅವನಿಗೆ ಗೊತ್ತಿತ್ತು.

ಹೆಂಗಸರ ಕಡೆ ಬೆಂಚು ಕಿರುಗುಟ್ಟಿತು. ಚಾಪೆಯ ಮೇಲೆ ಹೆಜ್ಜೆ ಸಪ್ಪಳ. ಆ ಚರ್ಚಿನಲ್ಲಿ ಮದುವೆಯ ದಿನವೊಂದನ್ನು ಬಿಟ್ಟರೆ ಯಾವ ಹೆಂಗಸೂ ಆ ದಾರಿಯನ್ನು ಅಡ್ಡ ದಾಟಿ ಈ ಕಡೆಗೆ ಬಂದದ್ದನ್ನು ಅವನು ಕಂಡಿರಲಿಲ್ಲ. ಅವನು ತಲೆ ಎತ್ತುವಷ್ಟರಲ್ಲಿ ಜಯಶೀಲಾ ಅವನ ಬೆಂಚಿನ ತುದಿಯಲ್ಲಿ ನಿಂತಿದ್ದಳು. ಕಣ್ಣು ಕೆಂಪಗಿದ್ದವು, ಮುಖದಲ್ಲಿ ಕೋಪ ಇನ್ನೂ ಪೂರ್ತಿ ಹೋಗಿರಲಿಲ್ಲ. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ಅವನನ್ನು ನೋಡದೆ, ಮುಂದಿನ ಗೋಡೆ ನೋಡುತ್ತ ಹೇಳಿದಳು:

"ಸ್ವಲ್ಪ ಸರೀರಿ."

ಅವನು ಸರಿದ.